ಮುದ್ದುಕೃಷ್ಣ ಸ್ಪರ್ಧೆ: ಅಂಕಪಟ್ಟಿ ಒಂದೇ, ಗೆದ್ದವರು ಯಾರು?

ಶೀಟಿನವ, ಉಡುಪಿ

ಅಷ್ಟಮಿ ಮುಗಿದು ವಾರ ಆಯ್ತು, ನನ್ನ ತಲೆನೋವು ಮುಗಿದಿಲ್ಲ. ನಮ್ಮ ಬಡಾವಣೆಯ ಸಂಘದಲ್ಲಿ ಪ್ರತಿ ವರ್ಷ ಮುದ್ದುಕೃಷ್ಣ ವೇಷದ ಸ್ಪರ್ಧೆ ಇರುತ್ತದೆ. ಲ್ಯಾಪ್‌ಟಾಪ್ ಉಂಟು ಎನ್ನುವ ಒಂದೇ ಕಾರಣಕ್ಕೆ ಅಂಕ ಕೂಡಿಸುವ ಕೆಲಸ ನನ್ನ ತಲೆಗೆ ಬಂತು. ಕೂಡಿಸುವುದು ಅಂದರೆ ಎಂತ ಮಹಾ, ಎಕ್ಸೆಲ್‌ನಲ್ಲಿ ಒಂದು ಸಮ್ ಹಾಕಿದರೆ ಆಯ್ತು ಅಂದುಕೊಂಡಿದ್ದೆ.

ಕೊನೆಯ ಸುತ್ತಿಗೆ ಉಳಿದದ್ದು ಮೂರು ಮಕ್ಕಳು. ನಂಬರ್ 7, 12, 19. ತೀರ್ಪುಗಾರರೂ ಮೂವರು. ಒಬ್ಬರು ಯಕ್ಷಗಾನದಲ್ಲಿ ವೇಷ ಮಾಡಿದವರು, ಒಬ್ಬರು ನಿವೃತ್ತ ಟೀಚರ್, ಇನ್ನೊಬ್ಬರು ಭರತನಾಟ್ಯ ಕಲಿಸುವವರು. ನೂರರಲ್ಲಿ ಕೊಟ್ಟ ಅಂಕ ಹೀಗಿತ್ತು.

ಯಕ್ಷಗಾನದವರು: 7ಕ್ಕೆ 84, 12ಕ್ಕೆ 81, 19ಕ್ಕೆ 79
ನಿವೃತ್ತ ಟೀಚರ್: 7ಕ್ಕೆ 76, 12ಕ್ಕೆ 81, 19ಕ್ಕೆ 78
ಭರತನಾಟ್ಯದವರು: 7ಕ್ಕೆ 70, 12ಕ್ಕೆ 40, 19ಕ್ಕೆ 90

ಆ 40ರ ಕತೆ ಹೇಳಬೇಕು. 12 ಎರಡೂವರೆ ವರ್ಷದ ಹುಡುಗಿ. ವೇದಿಕೆಗೆ ಬಂದದ್ದೇ ಕಿರೀಟದ ನವಿಲುಗರಿ ಕಿತ್ತು ಬಿಸಾಡಿದಳು. ಆಮೇಲೆ ಕುಡಿಕೆಯಲ್ಲಿ ಬೆಣ್ಣೆ ಅಂತ ಇಟ್ಟಿದ್ದ ಹತ್ತಿಯನ್ನು ಬಾಯಿಗೆ ಹಾಕಿ, ಮುಖ ಕಿವುಚಿ, ಜಡ್ಜ್ ಮೇಜಿನ ಮೇಲೆ ಉಗಿದಳು. ಯಕ್ಷಗಾನದವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಭರತನಾಟ್ಯದವರು ನಗಲಿಲ್ಲ.

ಕೂಡಿಸಿದೆ. 19ಕ್ಕೆ 247, 7ಕ್ಕೆ 230, 12ಕ್ಕೆ 202. ಹಾಗೇ ಬಹುಮಾನ ಕೊಟ್ಟೆವು. ಮರುದಿನ 12ರ ಅಜ್ಜ ಮನೆಗೇ ಬಂದರು. "ಇಬ್ಬರು 81 ಕೊಟ್ಟ ಮಗು ಕೊನೆಗೆ ಹೋದದ್ದು ಹೇಗೆ ಮಾರಾಯ್ರೆ?" ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಕೂಡಿಸಿದ್ದು ತಪ್ಪಾ?

ಮಲ್ಪೆ ಬೂತಾಯಿ

ಮೂವರಿಗೂ ಫಸ್ಟ್ ಕೊಟ್ಟು ಲಡ್ಡು ಹಂಚಿದ್ದರೆ ಮುಗೀತಿತ್ತು. ಬೆಣ್ಣೆ ಅಂತ ಹತ್ತಿ ಇಟ್ಟವರಿಗೆ 40 ಕೊಡಬೇಕು, ಮಗುವಿಗಲ್ಲ.

ಕುಡ್ಲದ ಕೋಡರ್

ಕೂಡಿಸಿದ್ದೇ ತಪ್ಪು. ಒಬ್ಬರು ಸಿಟ್ಟಿನಲ್ಲಿ 40 ಹಾಕಿದರೆ ಇಡೀ ಸರಾಸರಿ ಹಾಳಾಗುತ್ತದೆ. ಒಲಿಂಪಿಕ್ಸ್ ಡೈವಿಂಗ್‌ನಲ್ಲಿ ಏಳು ಜನ ತೀರ್ಪುಗಾರರಿದ್ದರೆ ಮೇಲಿನ ಎರಡು, ಕೆಳಗಿನ ಎರಡು ಅಂಕ ತೆಗೆದುಬಿಡುತ್ತಾರೆ. ಉಳಿದ ಮೂರನ್ನು ಕೂಡಿಸಿ, ಜಿಗಿತ ಎಷ್ಟು ಕಷ್ಟದ್ದು ಅಂತ ನೋಡಿ ಗುಣಿಸುತ್ತಾರೆ. ನಿಮ್ಮಲ್ಲಿ ಮೂವರೇ ಇರುವುದರಿಂದ ಮೇಲಿನದೊಂದು, ಕೆಳಗಿನದೊಂದು ತೆಗೆಯಿರಿ. ಉಳಿಯುವುದು ಮಧ್ಯಾಂಕ.

7ಕ್ಕೆ 76, 12ಕ್ಕೆ 81, 19ಕ್ಕೆ 79. ಫಸ್ಟ್ 12. ಅಜ್ಜ ಹೇಳಿದ್ದು ಸರಿ.

ಶೀಟಿನವ, ಉಡುಪಿ

ಅಯ್ಯೋ ದೇವರೇ. ಕೊನೆಯವಳು ಮೊದಲು ಬಂದಳು!

ಕಾಪು ದೀಪಸ್ತಂಭ

ಎರಡೂ ಅಲ್ಲ. ಒಬ್ಬರು 79ರಿಂದ 84ರ ಒಳಗೇ ಆಡುತ್ತಾರೆ, ಇನ್ನೊಬ್ಬರು 40ರಿಂದ 90ರ ತನಕ ಓಡುತ್ತಾರೆ. ಅದನ್ನು ಮೊದಲು ಒಂದೇ ಅಳತೆಗೆ ತರಬೇಕು. ನಮ್ಮ ಆಫೀಸಿನಲ್ಲಿ ಅಪ್ರೈಸಲ್‌ಗೆ ಹೀಗೇ ಮಾಡುತ್ತೇವೆ. ಪ್ರತಿ ತೀರ್ಪುಗಾರರ ಅತಿ ಕಡಿಮೆ ಅಂಕವನ್ನು 0 ಮಾಡಿ, ಅತಿ ಹೆಚ್ಚಿನದನ್ನು 100 ಮಾಡಿ, ನಡುವಿನದನ್ನು ಅದೇ ಪ್ರಮಾಣದಲ್ಲಿ ಎಳೆಯಿರಿ.

ಯಕ್ಷಗಾನದವರದ್ದು: 7ಕ್ಕೆ 100, 12ಕ್ಕೆ 40, 19ಕ್ಕೆ 0. ಟೀಚರದ್ದು: 12ಕ್ಕೆ 100, 19ಕ್ಕೆ 40, 7ಕ್ಕೆ 0. ಭರತನಾಟ್ಯದವರದ್ದು: 19ಕ್ಕೆ 100, 7ಕ್ಕೆ 60, 12ಕ್ಕೆ 0. ಈಗ ಕೂಡಿಸಿ. 7ಕ್ಕೆ 160. ಉಳಿದ ಇಬ್ಬರಿಗೂ 140. ಫಸ್ಟ್ 7.

ಮಲ್ಪೆ ಬೂತಾಯಿ

ಆಗ್ಲೇ ಹೇಳಿದೆ, ಲಡ್ಡು ಹಂಚಿ ಅಂತ.

ಲೆಕ್ಕದ ಟೀಚರ್, ಮಂಗಳೂರು

ಪಿಯುಸಿಗೆ ಲೆಕ್ಕ ಕಲಿಸುವವಳು ನಾನು. ಮೂವರ ಲೆಕ್ಕವೂ ಸರಿ ಉಂಟು, ಅದೇ ಇಲ್ಲಿನ ಮಜಾ.

ಒಬ್ಬೊಬ್ಬ ತೀರ್ಪುಗಾರರನ್ನೂ ಒಂದು ಫಂಕ್ಷನ್ ಅಂತ ನೋಡಿ. ಮಗು ಒಳಗೆ ಹೋಗುತ್ತದೆ, ಅಂಕ ಹೊರಗೆ ಬರುತ್ತದೆ. ಶೀಟಿನವರ ಹತ್ತಿರ ಇಂಥ ಮೂರು ಫಂಕ್ಷನ್ ಉಂಟು, ಮೂರನ್ನೂ ಸೇರಿಸಿ ಒಂದು ಮಾಡಬೇಕು. ಹಾಗೆ ಸೇರಿಸುವ ಸೂತ್ರಕ್ಕೆ ಅಗ್ರಿಗೇಷನ್ ಫಂಕ್ಷನ್ ಅನ್ನುತ್ತಾರೆ. ಅದಕ್ಕೊಂದಿಷ್ಟು ಮರ್ಯಾದೆ ಇರಬೇಕು. ಎಲ್ಲರೂ 80 ಕೊಟ್ಟರೆ ಉತ್ತರ 80 ಬರಬೇಕು. ಒಬ್ಬರು ಒಂದಂಕ ಜಾಸ್ತಿ ಕೊಟ್ಟರೆ ಮಗುವಿಗೆ ನಷ್ಟ ಆಗಬಾರದು. ತೀರ್ಪುಗಾರರು ಕುರ್ಚಿ ಬದಲಿಸಿ ಕೂತರೆ ಫಲಿತಾಂಶ ಬದಲಾಗಬಾರದು. ಇಷ್ಟನ್ನು ಒಪ್ಪಿಕೊಂಡು ನಡೆಯುವ ಸೂತ್ರಗಳು ಲೆಕ್ಕವಿಲ್ಲದಷ್ಟು ಉಂಟು.

ಸರಾಸರಿಯೇ ಒಂದು ದೊಡ್ಡ ಕುಟುಂಬ. ಉಡುಪಿಯಿಂದ ಮಂಗಳೂರಿಗೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗಿ, 40ರಲ್ಲಿ ವಾಪಸು ಬಂದಿರಿ. ಸರಾಸರಿ ವೇಗ 50 ಅಲ್ಲ, 48. ಯಾಕಂದರೆ ಇಲ್ಲಿ ಕೂಡಿಸಬೇಕಾದ್ದು ವೇಗವನ್ನಲ್ಲ, ಒಂದೊಂದು ಕಿಲೋಮೀಟರಿಗೆ ಹಿಡಿದ ಹೊತ್ತನ್ನು. ಸಂಖ್ಯೆಗೆ ಬೇರೆ ಅಂಗಿ ತೊಡಿಸುವುದು, ಸರಾಸರಿ ತೆಗೆಯುವುದು, ಆಮೇಲೆ ಅಂಗಿ ಬಿಚ್ಚುವುದು. ಯಾವ ಯಾವ ಸೂತ್ರಗಳನ್ನು ಹೀಗೆ ಅಂಗಿ ತೊಡಿಸಿದ ಸರಾಸರಿ ಅಂತ ಬರೆಯಬಹುದು ಎನ್ನುವುದನ್ನು 1930ರಲ್ಲಿ ರಷ್ಯದ ಕೊಲ್ಮೊಗೊರೊವ್, ಜಪಾನಿನ ನಗುಮೊ ಬೇರೆ ಬೇರೆಯಾಗಿ ತೋರಿಸಿಕೊಟ್ಟರು.

ಇದು ಬರೀ ಪುಸ್ತಕದ ಮಾತಲ್ಲ. ವಿಶ್ವಸಂಸ್ಥೆಯವರು ದೇಶಗಳಿಗೆ ಮಾನವ ಅಭಿವೃದ್ಧಿ ಸೂಚ್ಯಂಕ ಅಂತ ಕೊಡುತ್ತಾರಲ್ಲ, ಆಯುಸ್ಸು, ಶಿಕ್ಷಣ, ಆದಾಯ ಸೇರಿಸಿ. ಮೊದಲು ಅದು ಸಾದಾ ಸರಾಸರಿ. 2010ರಲ್ಲಿ ಗುಣೋತ್ತರ ಸರಾಸರಿಗೆ ಬದಲಾಯಿಸಿದರು, ಅಂದರೆ ಮೂರನ್ನೂ ಕೂಡಿಸುವ ಬದಲು ಗುಣಿಸಿ ಘನಮೂಲ ತೆಗೆಯುವುದು. ಸಾದಾ ಸರಾಸರಿಯಲ್ಲಿ ಆರೋಗ್ಯ ಕೆಟ್ಟರೂ ದುಡ್ಡಿನಿಂದ ಸರಿದೂಗಿಸಬಹುದು. ಗುಣಿಸಿದಾಗ ಅಷ್ಟು ಸುಲಭಕ್ಕೆ ಆಗುವುದಿಲ್ಲ, ಒಂದು ತೀರಾ ಕೆಳಗಿದ್ದರೆ ಎಲ್ಲವನ್ನೂ ಎಳೆದು ಹಾಕುತ್ತದೆ.

ಶೀಟಿನವ, ಉಡುಪಿ

ಗುಣೋತ್ತರ ಸರಾಸರಿಯನ್ನೂ ಹಾಕಿ ನೋಡಿದೆ ಟೀಚರ್. 19ಕ್ಕೆ 82, 7ಕ್ಕೆ 76, 12ಕ್ಕೆ 64 ಬರುತ್ತದೆ. ಬದಲಾವಣೆ ಇಲ್ಲ. ಆದರೆ ಅಜ್ಜನಿಗೆ ಕೊಲ್ಮೊಗೊರೊವ್ ಅಂದರೆ ಚಹಾ ಕೂಡ ಕುಡಿಯದೆ ಎದ್ದು ಹೋಗುತ್ತಾರೆ. ಮೂರರಲ್ಲಿ ಯಾವುದು ಸರಿ, ಅದನ್ನು ಹೇಳಿ.

ಲೆಕ್ಕದ ಟೀಚರ್, ಮಂಗಳೂರು

ಒಂದೊಂದಕ್ಕೂ ಒಂದೊಂದು ಕಾಯಿಲೆ ಉಂಟು.

ಮೊದಲು ನಿಮ್ಮ ಮೊತ್ತ. ಒಬ್ಬ ತೀರ್ಪುಗಾರರು ಧಾರಾಳಿ, ಎಲ್ಲರಿಗೂ ಹತ್ತು ಜಾಸ್ತಿ ಕೊಟ್ಟರು ಅನ್ನಿ. ಮೊತ್ತಕ್ಕೆ ಅದು ನಾಟುವುದೇ ಇಲ್ಲ, ಕ್ರಮ ಹಾಗೇ ಉಳಿಯುತ್ತದೆ. ಅದಕ್ಕೆ ನಾಟುವುದು ಹರವು. ಯಕ್ಷಗಾನದವರಿಗೂ ನಿವೃತ್ತ ಟೀಚರಿಗೂ ಮೇಲಿನ ಅಂಕಕ್ಕೂ ಕೆಳಗಿನದಕ್ಕೂ 5ರ ಅಂತರ. ಭರತನಾಟ್ಯದವರಿಗೆ 50. ನಿಮ್ಮ ಫಲಿತಾಂಶ ನೋಡಿ: 19, 7, 12. ಭರತನಾಟ್ಯದವರ ಕ್ರಮ ನೋಡಿ: 19, 7, 12. ಮೂವರು ಕೂತರೂ ತೀರ್ಪು ಕೊಟ್ಟದ್ದು ಒಬ್ಬರೇ. ಉಳಿದ ಇಬ್ಬರು ಚಹಾ ಕುಡಿದು ಹೋದ ಹಾಗಾಯ್ತು.

ಇನ್ನು ಕೋಡರ್ ಅವರ ಮಧ್ಯಾಂಕ. ಒಬ್ಬರ ಹುಚ್ಚು ಅಂಕವನ್ನು ಅದು ತಡೆದುಕೊಳ್ಳುತ್ತದೆ, ನಿಜ. ಆದರೆ ಯಕ್ಷಗಾನದವರು ಸ್ವಲ್ಪ ಜಿಪುಣ, ಮೂರು ಮಕ್ಕಳಿಗೂ ಹತ್ತತ್ತು ಕಡಿಮೆ ಕೊಡುತ್ತಿದ್ದರು ಅನ್ನಿ. 74, 71, 69. ಯಾರು ಮೇಲೆ ಯಾರು ಕೆಳಗೆ ಎನ್ನುವ ಅವರ ಅಭಿಪ್ರಾಯ ಒಂದು ಕೂದಲಷ್ಟೂ ಬದಲಾಗಿಲ್ಲ. ಮಧ್ಯಾಂಕ ಈಗ 7ಕ್ಕೆ 74, 12ಕ್ಕೆ 71, 19ಕ್ಕೆ 78. ಫಸ್ಟ್ ಇದ್ದ 12 ಮತ್ತೆ ಕೊನೆಗೆ! ಮೊತ್ತ ಯಾವ ಕಾಯಿಲೆಗೆ ಜಗ್ಗುವುದಿಲ್ಲವೋ ಮಧ್ಯಾಂಕ ಅದಕ್ಕೇ ಮಲಗುತ್ತದೆ.

ದೀಪಸ್ತಂಭದವರ ಎಳೆಯುವ ಸೂತ್ರಕ್ಕೆ ಈ ಎರಡೂ ಕಾಯಿಲೆ ಇಲ್ಲ. ಧಾರಾಳಿಯೂ ಜಿಪುಣರೂ ಅಲ್ಲಿ ಒಂದೇ. ಆದರೆ 12ಕ್ಕೆ ಆ ದಿನ ಜ್ವರ, ಬರಲೇ ಇಲ್ಲ ಅಂದುಕೊಳ್ಳಿ. ಉಳಿದದ್ದು 7 ಮತ್ತು 19. ಅಂಕ ಅವೇ, ಪುನಃ ಎಳೆಯಿರಿ. ಯಕ್ಷಗಾನದವರಿಂದ 7ಕ್ಕೆ 100, 19ಕ್ಕೆ 0. ಉಳಿದ ಇಬ್ಬರಿಂದ 19ಕ್ಕೆ 100, 7ಕ್ಕೆ 0. ಈಗ 19ಕ್ಕೆ 200, 7ಕ್ಕೆ ಬರೀ 100. 12 ಬಂದರೆ 7 ಗೆಲ್ಲುತ್ತದೆ, 12 ಮನೆಯಲ್ಲಿ ಮಲಗಿದರೆ 19 ಗೆಲ್ಲುತ್ತದೆ. ಗೆಲ್ಲದ ಮಗುವಿನ ಜ್ವರ ಗೆಲ್ಲುವವರನ್ನು ಬದಲಾಯಿಸಿತು.

ಕಾಪು ದೀಪಸ್ತಂಭ

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಅಪ್ರೈಸಲ್‌ನಲ್ಲಿ ಒಬ್ಬರು ಕೆಲಸ ಬಿಟ್ಟು ಹೋದ ವರ್ಷ ಎಲ್ಲರ ರ್‍ಯಾಂಕ್ ಅದಲುಬದಲಾಗಿತ್ತು. ಈಗ ಅರ್ಥ ಆಯ್ತು.

ಕುಂದಾಪ್ರದ ಅಕ್ಕ

ನಾನು ಭಜನೆಗೂ ಹುಲಿವೇಷಕ್ಕೂ ತೀರ್ಪುಗಾರಳಾಗಿ ಕೂತವಳು. ಅಂಕ ಅನ್ನುವುದನ್ನು ನೀವೆಲ್ಲ ತುಂಬ ನಂಬುತ್ತೀರಿ ಮಾರಾಯ್ರೆ. ಮೊದಲು ಬಂದ ತಂಡಕ್ಕೆ ಎಷ್ಟು ಚಂದ ಕುಣಿದರೂ 75ರ ಮೇಲೆ ಪೆನ್ನು ಏಳುವುದಿಲ್ಲ. ಮುಂದೆ ಇನ್ನೂ ಒಳ್ಳೆಯವರು ಬಂದರೆ ಜಾಗ ಬೇಕಲ್ಲ? ನನ್ನ 75ಕ್ಕೂ ಪಕ್ಕದವರ 75ಕ್ಕೂ ಸಂಬಂಧವೇ ಇಲ್ಲ. ಆದರೆ ಯಾರು ಮೊದಲು, ಯಾರು ಎರಡನೆಯವರು ಅಂತ ಕೇಳಿ, ಗಟ್ಟಿಯಾಗಿ ಹೇಳುತ್ತೇನೆ. ಅಂಕ ಬಿಟ್ಟುಬಿಡಿ. ಕ್ರಮ ಮಾತ್ರ ಬರೆಸಿ.

ಕಾಪು ದೀಪಸ್ತಂಭ

ಅಕ್ಕ ಹೇಳಿದ್ದು ನಮಗೆ ಹೊಸತೇನಲ್ಲ. ವಿಧಾನ ಪರಿಷತ್ತಿಗೆ ನೈರುತ್ಯ ಪದವೀಧರ ಕ್ಷೇತ್ರದಲ್ಲಿ ನಾವು ವೋಟು ಹಾಕುವುದು ಹೀಗೇ. ಅವರೇ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲಿ 1, 2, 3 ಅಂತ ಬರೆಯುವುದು. ರಾಷ್ಟ್ರಪತಿ ಚುನಾವಣೆಯೂ ಪ್ರಾಶಸ್ತ್ಯದ ಮತದ್ದೇ. 1969ರಲ್ಲಿ ಇದರಿಂದ ದೊಡ್ಡ ನಾಟಕ ಆಯ್ತು. ಗೆಲ್ಲಲು 4,18,169 ಮತಮೌಲ್ಯ ಬೇಕಿತ್ತು. ವಿ.ವಿ. ಗಿರಿಯವರಿಗೆ ಮೊದಲ ಪ್ರಾಶಸ್ತ್ಯದಲ್ಲಿ ಬಂದದ್ದು 4,01,515, ನೀಲಂ ಸಂಜೀವ ರೆಡ್ಡಿಯವರಿಗೆ 3,13,548. ಉಳಿದವರನ್ನು ಕೈಬಿಟ್ಟು ಅವರ ಮತಗಳ ಎರಡನೇ ಪ್ರಾಶಸ್ತ್ಯ ನೋಡಿದಾಗ ಗಿರಿಯವರಿಗೆ ಸೇರಿದ್ದು 18,562, ರೆಡ್ಡಿಯವರಿಗೆ 91,879. ಆದರೂ ಗಿರಿಯವರು 4,20,077ಕ್ಕೆ ತಲುಪಿ ಗೆದ್ದರು. ಅದಕ್ಕೆ ಸ್ವಲ್ಪ ಮೊದಲು ನಮ್ಮ ಮೈಸೂರು ರಾಜ್ಯಕ್ಕೇ ರಾಜ್ಯಪಾಲರಾಗಿದ್ದವರು ಅವರು.

ಶೀಟಿನವ, ಉಡುಪಿ

ಕ್ರಮ ಮಾತ್ರ ತೆಗೆದುಕೊಂಡು ನೋಡಿದೆ. ಯಕ್ಷಗಾನದವರು 7, 12, 19. ನಿವೃತ್ತ ಟೀಚರ್ 12, 19, 7. ಭರತನಾಟ್ಯದವರು 19, 7, 12. ಮೊದಲ ಸ್ಥಾನ ಮೂವರಿಗೂ ಒಂದೊಂದು. ಮೊದಲಿಗೆ 2, ಎರಡನೆಯದಕ್ಕೆ 1, ಕೊನೆಗೆ 0 ಅಂತ ಕೊಟ್ಟರೂ ಮೂವರಿಗೂ 3.

ಹಾಗಾಗಿ ಇಬ್ಬಿಬ್ಬರನ್ನೇ ಎದುರು ನಿಲ್ಲಿಸಿದೆ. 7 ಮತ್ತು 12ರಲ್ಲಿ ಇಬ್ಬರು 7ನ್ನು ಮೇಲಿಟ್ಟಿದ್ದಾರೆ. 12 ಮತ್ತು 19ರಲ್ಲಿ ಇಬ್ಬರು 12ನ್ನು. ಅಂದರೆ 7 ಎಲ್ಲರಿಗಿಂತ ಮೇಲೆ, ಅಲ್ವಾ? 7 ಮತ್ತು 19 ನೋಡಿದರೆ ಇಬ್ಬರು 19ನ್ನು ಮೇಲಿಟ್ಟಿದ್ದಾರೆ! ನನ್ನ ಲ್ಯಾಪ್‌ಟಾಪ್‌ಗೆ ಯಾರೋ ಮಾಟ ಮಾಡಿಸಿದ್ದಾರೆ.

ಲೆಕ್ಕದ ಟೀಚರ್, ಮಂಗಳೂರು

ಮಾಟ ಅಲ್ಲ. 1785ರಲ್ಲಿ ಫ್ರಾನ್ಸಿನ ಕೊಂಡೊರ್ಸೆ ಪುಸ್ತಕದಲ್ಲಿ ಬರೆದಿಟ್ಟ ಸುಳಿ ಇದು. ಒಬ್ಬೊಬ್ಬರ ಕ್ರಮವೂ ನೆಟ್ಟಗೆ ಉಂಟು, ಸೇರಿಸಿದಾಗ ಗಿರ್‍ರನೆ ತಿರುಗುತ್ತದೆ. ನೀವು 2, 1, 0 ಕೊಟ್ಟದ್ದು ಅವರದೇ ಕಾಲದ ಬೋರ್ಡಾ ಅವರ ಪದ್ಧತಿ. ಬೋರ್ಡಾ ನೌಕಾಪಡೆಯಲ್ಲಿದ್ದವರು, ಗಣಿತವೂ ಗೊತ್ತಿತ್ತು.

ಇನ್ನೊಂದು ಒಳ್ಳೆಯ ಸೂತ್ರ ಎಲ್ಲೋ ಉಂಟು, ಹುಡುಕಿದರೆ ಸಿಗುತ್ತದೆ ಅಂತ ನಿಮಗೆ ಅನಿಸುತ್ತಿರಬಹುದು. ಅದನ್ನೇ ಅಮೆರಿಕದ ಕೆನ್ನೆತ್ ಆ್ಯರೊ 1951ರ ಪುಸ್ತಕದಲ್ಲಿ ಮುಗಿಸಿಬಿಟ್ಟರು. ಅವರು ಕೇಳಿದ್ದು ಜಾಸ್ತಿ ಏನಲ್ಲ. ತೀರ್ಪುಗಾರರು ಯಾವ ಕ್ರಮ ಬರೆದರೂ ಸೂತ್ರದಿಂದ ಒಂದು ನೆಟ್ಟಗಿನ ಕ್ರಮ ಬರಬೇಕು. ಎಲ್ಲರೂ 7ನ್ನು 12ಕ್ಕಿಂತ ಮೇಲಿಟ್ಟರೆ ಫಲಿತಾಂಶದಲ್ಲೂ ಹಾಗೇ ಇರಬೇಕು. 7 ಮೇಲೋ 19 ಮೇಲೋ ಅಂತ ತೀರ್ಮಾನಿಸುವಾಗ 12ರ ಬಗ್ಗೆ ಯಾರು ಏನು ಅಂದುಕೊಂಡರು ಎನ್ನುವುದು ನಡುವೆ ಬರಬಾರದು. ಮೂರೋ ಅದಕ್ಕಿಂತ ಹೆಚ್ಚೋ ಮಕ್ಕಳಿದ್ದರೆ ಇಷ್ಟನ್ನೂ ಪಾಲಿಸುವ ಸೂತ್ರ ಒಂದೇ ಬಗೆಯದ್ದು: ಯಾರೋ ಒಬ್ಬ ತೀರ್ಪುಗಾರರು ಹೇಳಿದ್ದೇ ಅಂತಿಮ, ಉಳಿದವರು ಏನು ಬರೆದರೂ ಒಂದೇ. ಗಣಿತದಲ್ಲಿ ಅವರಿಗೆ ಸರ್ವಾಧಿಕಾರಿ ಅಂತಲೇ ಹೆಸರು. ಆ್ಯರೊ ಅವರಿಗೆ 1972ರಲ್ಲಿ ನೊಬೆಲ್ ಬಂತು.

ಕುಡ್ಲದ ಕೋಡರ್

ಅದು ಕ್ರಮಕ್ಕೆ ಟೀಚರ್. ಅಂಕ ಇಟ್ಟುಕೊಂಡರೆ ಆ್ಯರೊ ನಮ್ಮನ್ನು ಹಿಡಿಯುವುದಿಲ್ಲ ಅಲ್ವಾ?

ಲೆಕ್ಕದ ಟೀಚರ್, ಮಂಗಳೂರು

ಒಳ್ಳೆ ಪ್ರಶ್ನೆ. ಅದಕ್ಕೆ ಉತ್ತರ ಅಮರ್ತ್ಯ ಸೇನ್ ಅವರ 1970ರ ಪುಸ್ತಕದಲ್ಲಿ ಉಂಟು. ಅಂಕ ಇದ್ದರೆ ಸಾಲದು. ಅಕ್ಕ ಹೇಳಿದರಲ್ಲ, ನನ್ನ 75ಕ್ಕೂ ಪಕ್ಕದವರ 75ಕ್ಕೂ ಸಂಬಂಧ ಇಲ್ಲ ಅಂತ. ಅದು ನಿಜ ಅಂತ ಒಪ್ಪಿ, ಒಬ್ಬೊಬ್ಬರ ಧಾರಾಳತನವನ್ನೂ ಹರವನ್ನೂ ಲೆಕ್ಕದಿಂದ ಹೊರಗಿಟ್ಟರೆ, ಅಂಕ ಇದ್ದರೂ ಆ್ಯರೊ ಅವರ ಗೋಡೆ ಅಲ್ಲೇ ನಿಂತಿರುತ್ತದೆ. ದಾಟಬೇಕಾದರೆ ಒಬ್ಬರ ಅಂಕವನ್ನು ಇನ್ನೊಬ್ಬರ ಅಂಕದ ಜತೆ ಹೋಲಿಸಲು ಏನಾದರೊಂದು ಹಿಡಿಕೆ ಬೇಕು. ಸುಮ್ನೆ ಮೊತ್ತ ಮಾಡಿದವರು "ಎಲ್ಲರ ಒಂದು ಅಂಕದ ಬೆಲೆಯೂ ಒಂದೇ" ಅಂತ ಗೊತ್ತಿಲ್ಲದೆ ಸಹಿ ಹಾಕಿದ ಹಾಗೆ. ಮಧ್ಯಾಂಕದವರು ಇನ್ನೂ ದೊಡ್ಡ ಕಾಗದಕ್ಕೆ ಸಹಿ ಹಾಕುತ್ತಾರೆ: "ಎಲ್ಲರ 80ರ ಅರ್ಥವೂ ಒಂದೇ" ಅಂತ.

ಮಲ್ಪೆ ಬೂತಾಯಿ

ಭರತನಾಟ್ಯದವರು ಸರ್ವಾಧಿಕಾರಿ ಅಂತ ಗಣಿತದಲ್ಲಿ ಸಾಬೀತಾಯ್ತು ಅಂತ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಲಾ?

ಲೆಕ್ಕದ ಟೀಚರ್, ಮಂಗಳೂರು

ಬೇಡ ಮಾರಾಯ್ರೆ. ಉಳಿದವರೂ ಹರವಿ ಕೊಟ್ಟಿದ್ದರೆ ಅವರ ಮಾತು ನಡೆಯುತ್ತಿರಲಿಲ್ಲ. ಆ್ಯರೊ ಹೇಳುವ ಸರ್ವಾಧಿಕಾರಿಯ ಮಾತು ಯಾವಾಗಲೂ ನಡೆಯುತ್ತದೆ.

ಕುಂದಾಪ್ರದ ಅಕ್ಕ

ಇದಕ್ಕೇ ನನಗೆ ಕಂಬಳ ಇಷ್ಟ. ಕೋಣ ಎಳೆಯುವ ಹಲಗೆಯಿಂದ ನೀರು ಚಿಮ್ಮಿಸುವ ಕನೆ ಹಲಗೆ ಓಟದಲ್ಲಿ ನೀರು ಆರೂವರೆ ಕೋಲು ಎತ್ತರದ ನಿಶಾನೆಗೆ ಹಾರಿತೋ ಇಲ್ಲವೋ, ಅಷ್ಟೇ. ಕೋಣಕ್ಕೆ ಯಾರೂ 40 ಕೊಡುವುದಿಲ್ಲ.

ಲೆಕ್ಕದ ಟೀಚರ್, ಮಂಗಳೂರು

ಅಕ್ಕ, ಅದು ದೊಡ್ಡ ವ್ಯತ್ಯಾಸ. ಹೊರಗೆ ಒಂದು ಸತ್ಯ ಇದ್ದಾಗ ಒಟ್ಟುಗೂಡಿಸುವುದು ಎಷ್ಟೋ ಸುಲಭ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಒಂದು ಜಾತ್ರೆಯಲ್ಲಿ ಒಂದು ಎತ್ತನ್ನು ಕಡಿದು ಹಸನು ಮಾಡಿದ ಮೇಲೆ ಎಷ್ಟು ತೂಗುತ್ತದೆ ಅಂತ ಊಹಿಸುವ ಪಂದ್ಯ ಇಟ್ಟಿದ್ದರು. ಗಾಲ್ಟನ್ ಎನ್ನುವವರು ಆ 787 ಚೀಟಿಗಳನ್ನು ಜೋಡಿಸಿ 1907ರಲ್ಲಿ ಬರೆದರು. ಮಧ್ಯಾಂಕ 1207 ಪೌಂಡು, ಎತ್ತು ತೂಗಿದ್ದು 1198. ಅಲ್ಲಿ ಯಾರ ತಪ್ಪು ಎಷ್ಟು ಅಂತ ಅಳೆಯಬಹುದು. ಹತ್ತಿ ಉಗಿದದ್ದು ಕೃಷ್ಣನ ತುಂಟತನವೋ ಶಿಸ್ತಿಲ್ಲದ್ದೋ ಅಂತ ಅಳೆಯಲು ಯಾವ ತಕ್ಕಡಿ ತರುವುದು?

ಶೀಟಿನವ, ಉಡುಪಿ

ಕೋಡರಣ್ಣ, ನೀವು ಮೊದಲ ದಿನದಿಂದ ಮಧ್ಯಾಂಕ ಮಧ್ಯಾಂಕ ಅಂತ ಹಟ ಹಿಡಿದದ್ದು ಯಾಕೆ ಅಂತ ಈಗ ಗೊತ್ತಾಯ್ತು. ನಿನ್ನೆ ಅಜ್ಜ ರಥಬೀದಿಯಲ್ಲಿ ಸಿಕ್ಕಿದ್ದರು.

ಕುಡ್ಲದ ಕೋಡರ್

ಸರಿ, ಒಪ್ಪಿದೆ. 12 ನನ್ನ ಅಕ್ಕನ ಮಗಳು. ಆದರೆ ಡೈವಿಂಗ್ ಉದಾಹರಣೆ ಸುಳ್ಳಲ್ಲ.

ಲೆಕ್ಕದ ಟೀಚರ್, ಮಂಗಳೂರು

ಸುಳ್ಳಲ್ಲ, ಆದರೆ ಇದು ಗಮನಿಸಬೇಕಾದ್ದು. ತೀರ್ಪುಗಾರರು ಸುಳ್ಳು ಕ್ರಮ ಬರೆದು ಲಾಭ ಪಡೆಯಬಹುದು ಅಂತ ಗಿಬ್ಬರ್ಡ್ 1973ರಲ್ಲಿ, ಸ್ಯಾಟರ್‌ಥ್ವೈಟ್ 1975ರಲ್ಲಿ ತೋರಿಸಿದರು. ಮೂರೋ ಹೆಚ್ಚೋ ಮಕ್ಕಳಿಗೆ ಗೆಲ್ಲುವ ಅವಕಾಶ ಇದ್ದು, ಒಬ್ಬರದ್ದೇ ಆಳ್ವಿಕೆ ಅಲ್ಲದಿದ್ದರೆ, ಯಾವುದಾದರೂ ಸಂದರ್ಭದಲ್ಲಿ ಯಾರಾದರೂ ಒಬ್ಬರಿಗೆ ಸುಳ್ಳು ಬರೆಯುವುದೇ ಲಾಭ. ಅಂಕ ಬಂದ ಮೇಲೆ ಸೂತ್ರ ಆರಿಸಿದರೆ ಅಷ್ಟು ಕಷ್ಟವೂ ಬೇಡ. ಯಾರೂ ಸುಳ್ಳು ಹೇಳದೆಯೇ ಬೇಕಾದ ಮಗುವನ್ನು ಗೆಲ್ಲಿಸಬಹುದು. ಈ ಚರ್ಚೆಯಲ್ಲಿ ಆಗಲೇ ಮೂರು ಸಲ ಗೆಲ್ಲಿಸಿದ್ದೇವೆ.

ಮಧ್ಯಾಂಕದ ಮರ್ಯಾದೆ ಉಳಿಸಲು ಒಂದು ಮಾತು. ಆಯ್ಕೆಗಳೆಲ್ಲ ಒಂದೇ ಗೆರೆಯ ಮೇಲಿದ್ದರೆ ಅದು ಚಿನ್ನ. ಅಷ್ಟಮಿಗೆ ಮನೆಗೆ ಎಷ್ಟು ವಂತಿಗೆ ಎಂದು ಐದು ಮನೆಯವರನ್ನು ಕೇಳಿದಿರಿ. 300, 500, 500, 1000, 5000 ಅಂದರು. ಪ್ರತಿಯೊಬ್ಬರಿಗೂ ತಮ್ಮ ಮೊತ್ತ ಇಷ್ಟ, ಅದರಿಂದ ದೂರ ಹೋದಷ್ಟೂ ಬೇಸರ. ಸರಾಸರಿ 1460. ಐದು ಸಾವಿರದವರು ಹಟಕ್ಕೆ ಹತ್ತು ಸಾವಿರ ಅಂದರೆ ಅದು 2460ಕ್ಕೆ ಜಿಗಿಯುತ್ತದೆ. ಮಧ್ಯಾಂಕ 500ರಿಂದ ಅಲುಗುವುದಿಲ್ಲ, ಹಾಗಾಗಿ ಸುಳ್ಳು ಹೇಳಿ ಯಾರಿಗೂ ಪ್ರಯೋಜನ ಇಲ್ಲ. ಇಂಥ ಕಡೆ ಕೊಂಡೊರ್ಸೆಯ ಸುಳಿ ಏಳುವುದಿಲ್ಲ ಅಂತ ಡಂಕನ್ ಬ್ಲ್ಯಾಕ್ 1948ರಲ್ಲೇ ತೋರಿಸಿದ್ದರು. ಮಕ್ಕಳನ್ನು ಹಾಗೆ ಗೆರೆಯ ಮೇಲೆ ಸಾಲಾಗಿ ನಿಲ್ಲಿಸಲು ಆಗುವುದಿಲ್ಲ, ಅಷ್ಟೇ.

ಶೀಟಿನವ, ಉಡುಪಿ

ನಿನ್ನೆ ಸಂಘದ ಸಭೆ ಆಯ್ತು. ಇಲ್ಲಿಯದೆಲ್ಲ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಎರಡು ಪುಟ ಓದುವಷ್ಟರಲ್ಲಿ ಗೋಳಿಬಜೆ ಬಂತು. ಫಲಿತಾಂಶ ಹಾಗೇ ಇರಲಿ, ಸೂತ್ರ ಮೊದಲೇ ಹೇಳದೆ ಇದ್ದದ್ದು ನಮ್ಮ ತಪ್ಪು ಅಂತ ಒಪ್ಪಿಕೊಂಡೆವು. ಬರುವ ವರ್ಷ ಸೂತ್ರವನ್ನು ನೋಟಿಸಿನಲ್ಲೇ ಹಾಕುವುದು. ಸ್ಪರ್ಧೆಗೆ ಮೊದಲು ಸಂಘದ ಇಬ್ಬರು ದೊಡ್ಡ ಹುಡುಗರಿಗೆ ವೇಷ ಹಾಕಿಸಿ, ತೀರ್ಪುಗಾರರೆಲ್ಲ ಒಟ್ಟಿಗೆ ಕೂತು ಇದಕ್ಕೆ 60, ಇದಕ್ಕೆ 80 ಅಂತ ಅಳತೆ ಗೊತ್ತು ಮಾಡಿಕೊಳ್ಳುವುದು. ಅಕ್ಕನ 75ರ ಕತೆ ಓದಿ ನನಗೇ ಹೊಳೆದದ್ದು.

ಆದರೆ ಸೂತ್ರ ಯಾವುದು ಅಂತ ವೋಟಿಗೆ ಹಾಕಿದರೆ ಮೊತ್ತಕ್ಕೆ ನಾಲ್ಕು, ಮಧ್ಯಾಂಕಕ್ಕೆ ನಾಲ್ಕು, ಕ್ರಮ ಬರೆಸುವುದಕ್ಕೆ ನಾಲ್ಕು. ಅದನ್ನು ಮುಂದಿನ ಸಭೆಗೆ ಹಾಕಿದೆವು. ಕುಡಿಕೆಗೆ ಹತ್ತಿ ಬೇಡ, ನಿಜವಾದ ಬೆಣ್ಣೆಯೇ ಇಡಬೇಕು ಅಂದಾಗ ಮಾತ್ರ ಹನ್ನೆರಡು ಕೈಯೂ ಒಟ್ಟಿಗೆ ಮೇಲೆ ಹೋಯ್ತು.

ಮಲ್ಪೆ ಬೂತಾಯಿ

ಅದನ್ನು ಕೂಡಿಸಲು ಎಕ್ಸೆಲ್ ಬೇಕಾಯ್ತಾ?